ರೋಬೋಟ್ ಪ್ರಾಸ್ಟೇಟ್ ಆಪರೇಶನ್ನಿಗೆ ಮೊದಲು ಅರಿವಳಿಕೆ ಡಾಕ್ಟ್ರಿಗೆ ಏನು ಹೇಳಬೇಕು

ಉಡುಪಿಯಿಂದ ಅಪ್ಪನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ಈ ಆಪರೇಶನ್ ಮಾಡಿಸಿದೆವು. ರೋಬೋಟಿನ ಬಗ್ಗೆ ಕೇಳಿದೆವು, ಖರ್ಚಿನ ಬಗ್ಗೆ ಕೇಳಿದೆವು. ಹೇಗೆ ಮಲಗಿಸುತ್ತಾರೆ ಅಂತ ಮಾತ್ರ ಕೇಳಲಿಲ್ಲ. ಕೇಳಬೇಕಿತ್ತು ಮಾರಾಯ್ರೆ.

ತಲೆ ಕೆಳಗೆ, ಕಾಲು ಮೇಲೆ. ಕರುಳು ಎದೆಯ ಕಡೆ ಜಾರಿ ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಚೀಲದ ಕೆಳಗೆ ಇರುವ ಗ್ರಂಥಿ) ಸರಿಯಾಗಿ ಕಾಣಲಿ ಅಂತ ಟೇಬಲನ್ನು ಸುಮಾರು 25ರಿಂದ 30 ಡಿಗ್ರಿ, ಕೆಲವೊಮ್ಮೆ ಇನ್ನೂ ಜಾಸ್ತಿ ಓರೆ ಮಾಡುತ್ತಾರೆ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಹೀಗೆ ಗಂಟೆಗಟ್ಟಲೆ.

ತಲೆಬುರುಡೆ ತೆಂಗಿನ ಗೆರಟೆಯ ಹಾಗೆ, ಹಿಗ್ಗುವುದಿಲ್ಲ. ಒಳಗೆ ಮೆದುಳು, ರಕ್ತ, ಮೆದುಳಿನ ಸುತ್ತಲಿನ ನೀರು. ತಲೆ ತಗ್ಗಿದಾಗ ಕುತ್ತಿಗೆಯ ರಕ್ತ ಹೃದಯದ ಕಡೆಗೆ ಏರು ಹತ್ತಬೇಕು, ಹೊಟ್ಟೆಯ ಗ್ಯಾಸು ಎದೆಯನ್ನು ಒತ್ತಿ ಅದಕ್ಕೂ ಅಡ್ಡ ನಿಲ್ಲುತ್ತದೆ, ಸಾಲದ್ದಕ್ಕೆ ಅದೇ ಗ್ಯಾಸು ರಕ್ತಕ್ಕೆ ಸೇರಿ ಮೆದುಳಿನ ರಕ್ತನಾಳಗಳನ್ನು ಅಗಲ ಮಾಡುತ್ತದೆ. ತಲೆಯೊಳಗಿನ ಒತ್ತಡ ಏರದೆ ಇರುತ್ತಾ? ಕಣ್ಣಿನೊಳಗಿನ ಒತ್ತಡವೂ ಏರುತ್ತದೆ. ಹೆಚ್ಚಿನವರಿಗೆ ಟೇಬಲ್ ಸಮ ಮಾಡಿದ ಮೇಲೆ ಇಳಿಯುತ್ತದೆ, ಸುಮ್ನೆ ಹೆದರಬೇಡಿ.

ಆದರೆ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆ), ಹಿಂದೆ ಆದ ಸ್ಟ್ರೋಕ್, ಮೆದುಳಿನ ಗಡ್ಡೆ, ತಲೆಗೆ ಹಾಕಿದ ಶಂಟ್ (ಮೆದುಳಿನ ಹೆಚ್ಚಿನ ನೀರನ್ನು ಇಳಿಸುವ ಕೊಳವೆ) ಇದ್ದರೆ ಆಪರೇಶನ್ನಿಗೆ ಮೊದಲಿನ ಚೆಕಪ್ಪಿನಲ್ಲೇ ಹೇಳಿ. ಅಪ್ಪ ಕಣ್ಣಿಗೆ ದಿನಾ ಡ್ರಾಪ್ಸ್ ಬಿಡುತ್ತಿದ್ದರು, "ಅದು ಕಣ್ಣಿಂದು, ಇದಕ್ಕೂ ಅದಕ್ಕೂ ಏನು ಸಂಬಂಧ" ಅಂತ ಬಾಯಿ ಬಿಡಲೇ ಇಲ್ಲ. ನಾನೇ ಚೀಟಿ ತೋರಿಸಿದೆ. ಆ ಬಾಟ್ಲಿಯನ್ನೇ ಚೀಲದಲ್ಲಿ ಇಟ್ಟುಕೊಂಡು ಹೋದರೆ ಇನ್ನೂ ಒಳ್ಳೇದು.

ಮತ್ತೆ ಕೇಳಿ: ಓರೆ ಸ್ವಲ್ಪ ಕಡಿಮೆ ಮಾಡಿದರೆ ಆಗುತ್ತದಾ? ಗ್ಯಾಸಿನ ಒತ್ತಡ ಕಡಿಮೆ ಇಡಲು ಬರುತ್ತದಾ? ಡ್ರಿಪ್ ಎಷ್ಟು ಕೊಡುತ್ತೀರಿ? ಕೇಳಿದರೆ ಬೇಜಾರು ಮಾಡುವುದಿಲ್ಲ. ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಅವರು ಹೇಗೂ ನೋಡುತ್ತಿರುತ್ತಾರೆ. ಕೆಲವು ಕಡೆ ಮುಚ್ಚಿದ ರೆಪ್ಪೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟು ಕಣ್ಣಿನ ನರದ ಸುತ್ತಲಿನ ಪೊರೆ ಎಷ್ಟು ಉಬ್ಬಿದೆ ಅಂತ ಅಳೆಯುತ್ತಾರೆ, ತಲೆಯ ಒತ್ತಡದ ಅಂದಾಜು ಅದರಿಂದ ಸಿಗುತ್ತದೆ.

ಹೊರಗೆ ಬಂದಾಗ ಮುಖ ಬಾತಿದ್ದರೆ ಗಾಬರಿಯಾಗಬೇಡಿ. ಅಪ್ಪನ ರೆಪ್ಪೆ ನೋಡಿ ಅತ್ತೆ "ಜೇನು ಕಚ್ಚಿದ ಹಾಗೆ ಉಂಟಲ್ಲ" ಅಂದರು. ಮರುದಿನಕ್ಕೆ ಇಳಿಯಿತು. ಆದರೆ ಜೋರು ತಲೆನೋವು, ನಿಲ್ಲದ ವಾಂತಿ, ಕಣ್ಣು ಮಂಜು, ಮಾತು ತೊದಲುವುದು, ಒಂದು ಕೈ ಎತ್ತಲಾಗದಿರುವುದು, ಇದರಲ್ಲಿ ಯಾವುದು ಕಂಡರೂ ಬೆಳಗಿನ ರೌಂಡ್ಸಿಗೆ ಕಾಯಬೇಡಿ, ಆಗಲೇ ಸಿಸ್ಟರ್ ಅವರನ್ನು ಕರೆಯಿರಿ.