ಹಿಟ್ಟೋ ಎರರ್ರೋ? ಬೇಸ್‌ಬಾಲ್ ಸ್ಕೋರ್ ಬರೆಯುವ ಬಗೆ

ಕ್ರಿಕೆಟ್‌ನಲ್ಲಿ ಕ್ಯಾಚ್ ಬಿಟ್ಟವನ ಹೆಸರು ಸ್ಕೋರ್‌ಬುಕ್ಕಿಗೆ ಬರುವುದಿಲ್ಲ. ಬೇಸ್‌ಬಾಲ್‌ನಲ್ಲಿ ಬರುತ್ತದೆ, ಬೋರ್ಡಿನ ಮೇಲೆ ರನ್, ಹಿಟ್‌ಗಳ ಪಕ್ಕದಲ್ಲೇ ಎರರ್‌ಗೂ ಒಂದು ಖಾನೆ. ಬ್ಯಾಟರ್ ತನ್ನ ಹೊಡೆತದ ಬಲದಿಂದ ಬೇಸ್ (ಓಡುವವನು ಮುಟ್ಟಬೇಕಾದ ನಿಲುಗಡೆ) ತಲುಪಿದರೆ ಹಿಟ್, ಫೀಲ್ಡರ್ ತಪ್ಪಿನಿಂದ ತಲುಪಿದರೆ ಎರರ್. ಅಮೆರಿಕದಲ್ಲಿ ಮಕ್ಕಳ ಮ್ಯಾಚಿಗೆ ಸ್ಕೋರ್ ಬರೆಯಲು ಕೂರುವ ನಮ್ಮವರು ಎಡವುವುದೇ ಇಲ್ಲಿ: ಚೆಂಡು ಕೈಜಾರಿತೋ, ಹಿಂದೆಮುಂದೆ ನೋಡದೆ ಎರರ್ ಬರೆದುಬಿಡುತ್ತಾರೆ.

ಮೊದಲಿಗೆ, ಪೆನ್ನು ಬೇಡ, ಪೆನ್ಸಿಲ್ ಹಿಡಿಯಿರಿ. ಪಿಚರ್ (ಬೌಲರ್ ಥರ ಚೆಂಡು ಎಸೆಯುವವನು) 1, ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಹಿಡಿಯುವವನು) 2, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) 6, ಹೀಗೆ ಒಂಬತ್ತೂ ಸ್ಥಾನಗಳ ನಂಬರು ಬಾಯಿಪಾಠವಾಗಲಿ. ಔಟೋ ಸೇಫೋ ಹೇಳುವವನು ಅಂಪೈರ್. ಅದನ್ನು ಸ್ಕೋರರ್ ತಿದ್ದುವಂತಿಲ್ಲ.

ಕಷ್ಟ ಶುರುವಾಗುವುದು ಆಮೇಲೆ. ಆ ಲೀಗಿನಲ್ಲಿ ಆ ಜಾಗದಲ್ಲಿ ಆಡುವ ಸಾಧಾರಣ ಫೀಲ್ಡರ್, ಅವತ್ತಿನ ನೆಲ, ಗಾಳಿ, ಮಳೆಯಲ್ಲಿ, ಮಾಮೂಲಿ ಪ್ರಯತ್ನದಿಂದಲೇ ಔಟ್ ಮಾಡಬಹುದಿತ್ತೇ? ಹೌದಾದರೆ ಎರರ್. ಚೆಂಡು ಗ್ಲೌಸಿಗೆ ತಾಕಿರಲೇಬೇಕೆಂದಿಲ್ಲ. ನೇರ ಬಂದ ಚೆಂಡು ಕಾಲಸಂದಿಯಲ್ಲಿ ನುಸುಳಿದರೂ ಎರರ್ರೇ. ಆದರೆ ದೂರದಿಂದ ಓಡಿಬಂದು, ಹಾರಿ, ಚಾಚಿದ ಗ್ಲೌಸಿನ ತುದಿಗೆ ಬಡಿದು ಬಿದ್ದರೆ ಅದು ಹಿಟ್. ಹೆಚ್ಚು ಶ್ರಮಪಟ್ಟವನಿಗೇ ಶಿಕ್ಷೆ ಆಗಬಾರದು. ತಪ್ಪು ಬೇಸಿಗೆ ಎಸೆದರೆ ಅದು ಲೆಕ್ಕಾಚಾರದ ತಪ್ಪು, ಅದಕ್ಕೆ ಎರರ್ ಇಲ್ಲ.

ಚೆಂಡು ನೆಲದಲ್ಲಿ ವಿಚಿತ್ರವಾಗಿ ಪುಟಿದು ದಿಕ್ಕು ತಪ್ಪಿದರೂ ಹಿಟ್ಟೇ. 1941ರ ಜೂನ್ 17ರಂದು ನ್ಯೂಯಾರ್ಕ್ ಯಾಂಕೀಸ್ ತಂಡದ ಜೋ ಡಿಮ್ಯಾಜಿಯೊ ಹೊಡೆದ ಚೆಂಡು ಹೀಗೇ ಪುಟಿದು ಶಾರ್ಟ್‌ಸ್ಟಾಪ್ ಲ್ಯೂಕ್ ಆಪ್ಲಿಂಗ್ ಹೆಗಲಿಗೆ ಬಡಿಯಿತು. ಸ್ಕೋರರ್ ಡ್ಯಾನ್ ಡೇನಿಯಲ್ ಹಿಟ್ ಎಂದರು. ಸತತ ಪಂದ್ಯಗಳಲ್ಲಿ ಹಿಟ್ ಗಳಿಸುವ ಡಿಮ್ಯಾಜಿಯೊ ಸರಣಿ ಮುರಿಯದೆ ಉಳಿಯಿತು, 56 ಪಂದ್ಯಗಳವರೆಗೆ ಬೆಳೆಯಿತು. ಅನುಮಾನ ಉಳಿದರೆ ಬ್ಯಾಟರ್ ಪರ ಬರೆಯಿರಿ, ನಿಯಮವೇ ಹಾಗೆ ಹೇಳುತ್ತದೆ.

ಸ್ಲೋ ಮೋಷನ್ ನೋಡಿ ತೀರ್ಮಾನಿಸುವ ಅಡ್ಡದಾರಿ ಬೇಡ. ನಿಧಾನಕ್ಕೆ ಓಡಿಸಿದರೆ ಎಂಥ ಚೆಂಡೂ ಸುಲಭದ್ದಾಗಿ ಕಾಣುತ್ತದೆ. ಮೊದಲು ಕಣ್ಣೆದುರು ಕಂಡದ್ದಕ್ಕೆ ತೀರ್ಪು ಕೊಡಿ, ಆಮೇಲೆ ಬೇಕಾದರೆ ವಿಡಿಯೊ. ಹಿಟ್ ಅಥವಾ ಎರರ್ ಒತ್ತುವ ತನಕ ಮುಂದಕ್ಕೇ ಹೋಗದ ಆ್ಯಪ್‌ಗಳಂತೂ ನನಗೆ ಆಗದು: ಅವಸರದಲ್ಲಿ ಏನೋ ಒತ್ತುತ್ತೇವೆ, ತಿದ್ದುವುದು ಮರೆತೇಹೋಗುತ್ತದೆ. ಕಾಗದದ ಖಾನೆಯಲ್ಲಾದರೆ ಒಂದು ಚುಕ್ಕಿ ಇಟ್ಟು, ಇನ್ನಿಂಗ್ಸ್ ನಡುವೆ ತಿರುಗಿ ನೋಡಬಹುದು.

ಡಬಲ್ ಪ್ಲೇಯಲ್ಲಿ (ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡುವುದು) ಎರಡನೇ ಔಟ್ ಸಿಗಲಿಲ್ಲವೆಂದು ಎರರ್ ಹಾಕಬೇಡಿ. ಎಸೆತ ಅಡ್ಡಾದಿಡ್ಡಿ ಹೋಗಿ ಓಟಗಾರ ಇನ್ನೊಂದು ಬೇಸ್ ಗಿಟ್ಟಿಸಿಕೊಂಡರೆ, ಇಲ್ಲವೇ ಸರಿಯಾಗಿ ಬಂದ ಎಸೆತವನ್ನು ಹಿಡಿಯುವವನು ಕೈಚೆಲ್ಲಿದರೆ ಮಾತ್ರ ಹಾಕಿ. ಪಿಚ್ (ಪಿಚರ್ ಎಸೆದ ಚೆಂಡು) ನೆಲಕ್ಕೆ ಬಡಿದು ಕ್ಯಾಚರ್ ಕೈತಪ್ಪಿ, ಓಟಗಾರ ಮುಂದೆ ಹೋದರೆ ವೈಲ್ಡ್ ಪಿಚ್; ಸಲೀಸಾಗಿ ಹಿಡಿಯಬಹುದಾದದ್ದು ತಪ್ಪಿದರೆ ಪಾಸ್ಡ್ ಬಾಲ್.

ಕೊನೆಗೆ ಪಿಚರ್ ಲೆಕ್ಕ, ಅಂದರೆ ಯಾವ ರನ್‌ಗೆ ಅವನು ಹೊಣೆ ಎಂಬುದು. ಎರರ್, ಪಾಸ್ಡ್ ಬಾಲ್ ಇಲ್ಲದಿದ್ದರೆ ಇನ್ನಿಂಗ್ಸ್ ಹೇಗೆ ಸಾಗುತ್ತಿತ್ತೆಂದು ಮತ್ತೆ ಕಟ್ಟಿ ನೋಡಿ. ಮೂರು ಔಟ್ ಆಗಿಹೋಗಬೇಕಿದ್ದ ಮೇಲೆ ಬಂದ ರನ್‌ಗಳು ಅವನ ಖಾತೆಗೆ ಸೇರುವುದಿಲ್ಲ. ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗಾದ ಮೇಜರ್ ಲೀಗಿನ ಸ್ಕೋರರ್‌ಗೂ ಪಂದ್ಯ ಮುಗಿದ 24 ಗಂಟೆಯೊಳಗೆ ತನ್ನ ತೀರ್ಪು ಬದಲಿಸಲು ಅವಕಾಶವಿದೆ. ಪುಸ್ತಕ ಕೋಚ್ ಕೈಗೆ ಕೊಡುವ ಮುನ್ನ ಚುಕ್ಕಿ ಇಟ್ಟ ಖಾನೆಗಳನ್ನೆಲ್ಲ ಒಮ್ಮೆ ನೋಡಿಬಿಡಿ.