ಉದ್ಯಾನದೊಳಗಿನ ಹಳೆಯ ಹೆಂಚಿನ ಮನೆಯ ಜೀರ್ಣೋದ್ಧಾರ ಹೇಗೆ?

ಚಿಕ್ಕಮಗಳೂರಿನಂತಹ ಮಳೆಯ ಊರಿನಲ್ಲಿ ಸಾರ್ವಜನಿಕ ಉದ್ಯಾನದೊಳಗಿನ ಹಳೆಯ ಮನೆಯನ್ನು ದುರಸ್ತಿಗೊಳಿಸುವವರು ಮೊದಲು ಅದರ ಚರಿತ್ರೆಯನ್ನು ಪರಿಶೀಲಿಸಬೇಕು. ಕಂದಾಯ ದಾಖಲೆಗಳಷ್ಟೇ ಅಲ್ಲ, ಹೆಂಚಿನ ಬೆನ್ನೂ ಸಾಕ್ಷಿ ಹೇಳುತ್ತದೆ: ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಾದ್ದರಿಂದ ಅದರ ಮುದ್ರೆಯಿರುವ ಹೆಂಚು ಅದಕ್ಕಿಂತ ಹಳೆಯದಾಗಿರಲಾರದು. ಆದರೆ ಛಾವಣಿಯನ್ನು ನಡುವೆ ಬದಲಿಸಿರಬಹುದು. ಮನೆಯ ವಯಸ್ಸನ್ನು ಅದೊಂದರಿಂದಲೇ ತೀರ್ಮಾನಿಸಬಾರದು. ಕಟ್ಟಡವು ಸಂರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಸೋರಿಕೆ ನಿಲ್ಲದೆ ಗೋಡೆ ಮುಟ್ಟುವುದು ವ್ಯರ್ಥ. ಒಡೆದ ಹೆಂಚನ್ನೂ ಅದನ್ನು ಹೊರುವ, ಗೆದ್ದಲು ತಿಂದ ಮರದ ರೀಪು (ಅಡ್ಡಪಟ್ಟಿ), ಪಕಾಸುಗಳನ್ನೂ (ಇಳಿಜಾರು ತೊಲೆ) ಜೂನ್‌ ತಿಂಗಳಿಗೆ ಮುನ್ನ ಬದಲಿಸಬೇಕು.

ಗೋಡೆಯ ಕೆಲಸದಲ್ಲಿ ಆತುರ ಸಲ್ಲದು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟ್ ಬಳಿದರೆ ತೇವ ಹೊರಬರಲಾಗದೆ ಒಳಗಿನ ಇಟ್ಟಿಗೆಯೇ ಪುಡಿಯಾಗತೊಡಗುತ್ತದೆ. ಅಗ್ಗವೆಂದು ಇದನ್ನೇ ಸೂಚಿಸುವ ಗುತ್ತಿಗೆದಾರರಿಗೆ ಕೆಲಸ ವಹಿಸದಿರುವುದು ಲೇಸು. ಅರಳಿಸಿ ವಾರಗಟ್ಟಲೆ ನೀರಿನಲ್ಲಿಟ್ಟ ಸುಣ್ಣಕ್ಕೆ ಜರಡಿ ಹಿಡಿದ ಮರಳು ಸೇರಿಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೆದ ಗಾರೆಯನ್ನು ತೆಳುವಾದ ಪದರಗಳಲ್ಲಿ ಹಚ್ಚಿ, ಒದ್ದೆ ಗೋಣಿ ಹೊದಿಸಿ ನಿಧಾನವಾಗಿ ಗಟ್ಟಿಯಾಗಲು ಬಿಡಬೇಕು. ಮೇಲೆ ಎಮಲ್ಷನ್ ಬಣ್ಣದ ಬದಲು ಸುಣ್ಣವನ್ನೇ ಬಳಿಯಬೇಕು. ಹುಲ್ಲುಹಾಸಿಗೆ ನೀರು ಚಿಮ್ಮಿಸುವ ಪೈಪುಗಳನ್ನು ತಳಪಾಯದಿಂದ ದೂರ ಸರಿಸುವಂತೆ ಉದ್ಯಾನದ ಸಿಬ್ಬಂದಿಗೆ ತಿಳಿಸಬೇಕು.