ಪತಂಗದ ರೋಮ ಮತ್ತು ಆಮ್ಲದ ಹೊತ್ತು

ತಾಮ್ರದ ತಗಡಿನ ಮೇಲೆ ಕೀಟಗಳನ್ನು ಎಚಿಂಗ್ (ಗೀಚಿದ ಗೆರೆಗಳನ್ನು ಆಮ್ಲದಿಂದ ಕೊರೆದು, ಶಾಯಿ ತುಂಬಿ ಕಾಗದಕ್ಕೆ ಒತ್ತುವ ಮುದ್ರಣಕಲೆ) ಮಾಡಬೇಕೆಂದು ಹೊರಟಾಗ ನಾನು ಗುರುವಾಗಿ ಆರಿಸಿಕೊಂಡದ್ದು ಹದಿನೇಳನೇ ಶತಮಾನದ ಎಚಿಂಗ್ ಕಲಾವಿದ ವೆನ್ಸೆಸ್ಲಾಸ್ ಹಾಲರ್‌ನನ್ನು. 1607ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಆತ ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ ಆಂಟ್‌ವರ್ಪ್ ಸೇರಿದ್ದ. 1646ರಲ್ಲಿ ಚಿಟ್ಟೆ, ಪತಂಗ, ಜೀರುಂಡೆಗಳ ಪುಟ್ಟ ಚಿತ್ರಮಾಲೆಯೊಂದನ್ನು ಹೊರತಂದ. ಅದರ ಒಂದು ಪತಂಗವನ್ನು ನಕಲು ಮಾಡುತ್ತ ಮಾಡುತ್ತ ನನಗೆ ಈ ಕೆಲಸ ಕೈಗೆ ಹತ್ತಿತು.

ತಗಡನ್ನು ಸೀಮೆಸುಣ್ಣದ ಪುಡಿಯಿಂದ ಉಜ್ಜಿ ಜಿಡ್ಡು ತೆಗೆದು, ಜೇನುಮೇಣ, ರಾಳ, ಡಾಂಬರು ಕರಗಿಸಿದ ಲೇಪವನ್ನು ತೆಳ್ಳಗೆ ಹರಡುತ್ತೇನೆ. ಮೇಣದಬತ್ತಿಯ ಹೊಗೆ ಹಿಡಿದು ಅದನ್ನು ಕಪ್ಪಾಗಿಸಿದರೆ ಸೂಜಿ ಗೀಚಿದಲ್ಲೆಲ್ಲ ತಾಮ್ರ ಹೊಳೆಯುತ್ತದೆ. ಸೂಜಿಯನ್ನು ಒತ್ತಬಾರದು, ಲೇಪ ಸರಿದರೆ ಸಾಕು, ಉಳಿದದ್ದು ಆಮ್ಲದ ಕೆಲಸ.

ನಿಜವಾದ ಪರೀಕ್ಷೆ ಅಲ್ಲಿಯೇ. ಸೂಜಿ ಎಷ್ಟೇ ಚೂಪಾಗಿರಲಿ, ಗೆರೆಗಳೆಲ್ಲ ಒಂದೇ ಆಳಕ್ಕೆ ಇಳಿದರೆ ಪತಂಗ ತಂತಿಯಲ್ಲಿ ಕಟ್ಟಿದ ಗೊಂಬೆಯಂತೆ ಕಾಣುತ್ತದೆ. ಹಾಗಾಗಿ ಗೆರೆಗಳನ್ನು ಹಂತಹಂತವಾಗಿ ಆಳ ಮಾಡುತ್ತೇನೆ. ಆಮ್ಲದಂತೆ ತಾಮ್ರವನ್ನು ಕೊರೆಯುವ ಫೆರಿಕ್ ಕ್ಲೋರೈಡ್‌ನಲ್ಲಿ ತಗಡನ್ನು ಮುಖ ಕೆಳಗೆ ಮಾಡಿ ಇಡುತ್ತೇನೆ, ಇಲ್ಲದಿದ್ದರೆ ಗೆರೆಯೊಳಗೆ ಮಡ್ಡಿ ಕೂರುತ್ತದೆ. ಕೆಲವೇ ನಿಮಿಷಗಳಲ್ಲಿ ಹೊರತೆಗೆದು, ತೊಳೆದು ಒಣಗಿಸಿ, ಎದೆಯ ಮೇಲಿನ ರೋಮ ಮತ್ತು ರೆಕ್ಕೆಯ ಅಂಚಿನ ಕುಚ್ಚನ್ನು ಸಣ್ಣ ಕುಂಚದಿಂದ ವಾರ್ನಿಷ್ ಹಚ್ಚಿ ಮುಚ್ಚುತ್ತೇನೆ. ಅವು ಇನ್ನು ಆಳವಾಗಬಾರದು. ಮತ್ತೆ ಆಮ್ಲಕ್ಕೆ ಹಾಕಿ ತೆಗೆದು, ಈ ಸಲ ರೆಕ್ಕೆಯ ನರಗಳನ್ನು ಮುಚ್ಚುತ್ತೇನೆ. ಕೊನೆಯವರೆಗೂ ತೆರೆದಿರುವುದು ಕಣ್ಣು ಮತ್ತು ಹೊಟ್ಟೆಯಡಿಯ ನೆರಳು ಮಾತ್ರ. ರೋಮದ ಸುತ್ತ ಹೊರಗೆರೆ ಎಳೆಯುವುದೇ ಇಲ್ಲ, ಗಿಡ್ಡ ಗೆರೆಗಳೇ ಅಂಚಾಗುತ್ತವೆ. 1647ರಲ್ಲಿ ಹಾಲರ್ ಕೊರೆದ, ಕೈ ಬೆಚ್ಚಗಿಡುವ ತುಪ್ಪಳದ ಚೀಲಗಳನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ಆಗಿನ ದ್ರಾವಣಗಳೇ ಬೇರೆ. ಪ್ಯಾರಿಸ್ಸಿನ ಎಚಿಂಗ್ ಕಲಾವಿದ ಅಬ್ರಹಾಂ ಬಾಸ್ 1645ರ ತನ್ನ ಕೈಪಿಡಿಯಲ್ಲಿ ವಿನೆಗರ್, ನವಸಾಗರ, ಉಪ್ಪು, ತಾಮ್ರದ ಕಿಲುಬು ಸೇರಿಸಿ ಕುದಿಸುವ ಕ್ರಮವನ್ನು ಹೇಳಿದ್ದಾನೆ. ನಾನು ಅದನ್ನು ಅನುಸರಿಸಿಲ್ಲ, ಫೆರಿಕ್ ಕ್ಲೋರೈಡ್ ನನಗೆ ನಂಬಿಕಸ್ಥ.

ಶಾಯಿ ತುಂಬಿ, ಗಂಜಿ ಹಾಕಿದ ಜಾಳು ಬಟ್ಟೆಯಿಂದ ಒರೆಸುವಾಗ ರೋಮದ ಭಾಗದಲ್ಲಿ ಕೈ ಹಗುರವಾಗಿರಬೇಕು. ಆ ಗೆರೆಗಳು ಎಷ್ಟು ಮೇಲುಮೇಲಿನವು ಎಂದರೆ ಜೋರಾಗಿ ಒರೆಸಿದರೆ ಶಾಯಿಯೇ ಉಳಿಯುವುದಿಲ್ಲ. ಪ್ರೆಸ್ಸಿನಡಿ ಮೊದಲು ಸವೆಯುವುದೂ ಅವೇ. ಅದಕ್ಕೇ ಹಳೆಯ ಕೀಟಚಿತ್ರದ ಮುದ್ರಣ ಎದುರಾದಾಗಲೆಲ್ಲ ನಾನು ಮೊದಲು ರೋಮವನ್ನೇ ಹುಡುಕುತ್ತೇನೆ. ಅದು ಮಾಸಿದ್ದರೆ ತಗಡು ಸಾಕಷ್ಟು ದುಡಿದ ಮೇಲೆ ತೆಗೆದ ಪ್ರತಿಯೆಂದು ಲೆಕ್ಕ ಹಾಕುತ್ತೇನೆ.